ಸೂಪರ್ ಮಾರಿಯೋ ಬ್ರದರ್ಸ್ 2: ಹಳೆಯ ಅಭ್ಯಾಸ ಬದಿಗಿಟ್ಟು ಆಡುವ ಕ್ರಮ

ಮೊದಲ ಮಾರಿಯೋ ಆಟವನ್ನು ಚೆನ್ನಾಗಿ ಆಡಬಲ್ಲವರು ಎರಡನೆಯದನ್ನು ತೆರೆದಾಗ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ವೈರಿಯ ತಲೆಯ ಮೇಲೆ ಹಾರಿದರೂ ಅದು ಸಾಯುವುದಿಲ್ಲವೇಕೆ? ತಲೆಯಿಂದ ಗುದ್ದಿ ಒಡೆಯುವ ಇಟ್ಟಿಗೆಗಳು ಎಲ್ಲಿ ಹೋದವು? ಲೆವೆಲ್ಲಿನ ಕೊನೆಯಲ್ಲಿ ಬಾವುಟದ ಕಂಬ ಏಕಿಲ್ಲ? ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಟಿವಿಗೆ ಜೋಡಿಸಿ ಆಡುತ್ತಿದ್ದ ವಿಡಿಯೋ ಗೇಮಿನ ಕ್ಯಾಸೆಟ್ಟುಗಳಿಂದ ಮಾರಿಯೋನನ್ನು ಪರಿಚಯ ಮಾಡಿಕೊಂಡವರಿಗೆ ಈ ಗೊಂದಲ ಇನ್ನೂ ಹೆಚ್ಚು, ಏಕೆಂದರೆ ಆ ಆಟದ ನಡೆ ಅವರ ಬೆರಳುಗಳಿಗೇ ಅಂಟಿಕೊಂಡಿರುತ್ತದೆ. ಈ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿರುವುದರಿಂದ, ಆಟವನ್ನು ಮೊದಲಿನಿಂದ ಕೊನೆಯವರೆಗೆ ಹೇಗೆ ಆಡಬೇಕೆಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಿರಲಿ. ಮೊದಲನೆಯದು ಜಿಗಿದು ತುಳಿಯುವ ಆಟ. ಇದು ಎತ್ತಿ ಎಸೆಯುವ ಆಟ. ಕೆಳಗೆ ಹೇಳಿರುವ ಪ್ರತಿಯೊಂದು ಸೂಚನೆಯೂ ಈ ಒಂದು ವ್ಯತ್ಯಾಸದಿಂದಲೇ ಹುಟ್ಟಿದ್ದು.

ಈ ವ್ಯತ್ಯಾಸ ಎಲ್ಲಿಂದ ಬಂತೆಂಬುದನ್ನು ತಿಳಿದುಕೊಂಡರೆ ಆಟದ ಸ್ವಭಾವವೂ ತಿಳಿಯುತ್ತದೆ. 1985ರ ಮೊದಲ ಆಟದ ನಂತರ, 1986ರಲ್ಲಿ ಜಪಾನಿನಲ್ಲಿ ಅದೇ ಮಾದರಿಯ, ಆದರೆ ಬಹಳ ಕಠಿಣವಾದ ಎರಡನೆಯ ಭಾಗವೊಂದು ಬಂತು. ಅಮೆರಿಕದ ಆಟಗಾರರಿಗೆ ಅದು ವಿಪರೀತ ಕಷ್ಟವಾದೀತೆಂದು ಈ ಆಟಗಳನ್ನು ತಯಾರಿಸುವ ನಿಂಟೆಂಡೊ ಕಂಪನಿಯ ಅಮೆರಿಕ ಶಾಖೆಯವರು ಭಾವಿಸಿದರು. ಅದರ ಬದಲಿಗೆ, ಜಪಾನಿನ ಫ್ಯೂಜಿ ಟೆಲಿವಿಷನ್ ವಾಹಿನಿಯ ಕಾರ್ಯಕ್ರಮವೊಂದಕ್ಕಾಗಿ 1987ರಲ್ಲಿ ತಯಾರಾಗಿದ್ದ ‘ಯುಮೆ ಕೋಜೋ: ಡೋಕಿ ಡೋಕಿ ಪ್ಯಾನಿಕ್’ ಎಂಬ ಆಟದಲ್ಲಿದ್ದ ಕುಟುಂಬದ ನಾಲ್ವರನ್ನು ತೆಗೆದು, ಅವರ ಜಾಗದಲ್ಲಿ ಮಾರಿಯೋ, ಅವನ ತಮ್ಮ ಲುಯಿಜಿ, ರಾಜಕುಮಾರಿ ಪ್ರಿನ್ಸೆಸ್ ಮತ್ತು ಅಣಬೆ ತಲೆಯ ಟೋಡ್ ಅವರನ್ನು ನಿಲ್ಲಿಸಿ, 1988ರಲ್ಲಿ ಸೂಪರ್ ಮಾರಿಯೋ ಬ್ರದರ್ಸ್ 2 ಎಂದು ಬಿಡುಗಡೆ ಮಾಡಿದರು. ಹಾಗೆಂದು ಇದನ್ನು ವೇಷ ಬದಲಿಸಿದ ಬೇರೆ ಆಟವೆಂದಷ್ಟೇ ತಳ್ಳಿಹಾಕುವುದು ನನ್ನ ಅಭಿಪ್ರಾಯದಲ್ಲಿ ಅನ್ಯಾಯ. ಮೂಲ ಆಟದ ನಿರ್ದೇಶಕ ಕೆನ್‌ಸುಕೆ ತನಾಬೆ ಅವರು ಹೇಳಿರುವಂತೆ, ಇಬ್ಬರು ಆಟಗಾರರು ವಸ್ತುಗಳನ್ನು ಎತ್ತಿ ಎಸೆಯುತ್ತ ಮೇಲಕ್ಕೆ ಏರುವ ಒಂದು ಪ್ರಯೋಗದಿಂದ ಅದರ ಕಲ್ಪನೆ ಬೆಳೆಯಿತು. ಅಂದರೆ ಎಸೆತವೇ ಇದರ ಬೀಜ. ಮುಂದೆ ಸರಣಿಯುದ್ದಕ್ಕೂ ಉಳಿದುಕೊಂಡ ಪ್ರಿನ್ಸೆಸ್‌ಳ ತೇಲುವ ಶಕ್ತಿ, ಮುಖವಾಡ ತೊಟ್ಟ ಶೈ ಗೈಗಳು, ನಡೆದಾಡುವ ಬಾಂಬುಗಳಾದ ಬಾಬ್-ಆಂಬ್‌ಗಳು, ಇವೆಲ್ಲ ಮಾರಿಯೋ ಲೋಕಕ್ಕೆ ಬಂದದ್ದು ಇದೇ ಆಟದ ಮೂಲಕ.

1. ಸರಿಯಾದ ಆಟವನ್ನು ಆರಿಸಿಕೊಳ್ಳುವುದು

ಒಂದೇ ಹೆಸರಿನಲ್ಲಿ ಎರಡು ಆಟಗಳಿರುವುದು ಇಲ್ಲಿನ ಮೊದಲ ಎಡವಟ್ಟು. ಆಟ ತೆರೆದಾಗ ನೋಟವೆಲ್ಲ ಮೊದಲ ಮಾರಿಯೋನಂತೆಯೇ ಇದ್ದು, ಮುಟ್ಟಿದರೆ ಪೆಟ್ಟು ಕೊಡುವ ವಿಷದ ಅಣಬೆಗಳು ಕಾಣಿಸಿದರೆ, ನೀವು ತೆರೆದಿರುವುದು 1986ರ ಜಪಾನಿ ಆಟವನ್ನು. ಅದು ಮುಂದೆ ‘ದಿ ಲಾಸ್ಟ್ ಲೆವೆಲ್ಸ್’ ಎಂಬ ಹೆಸರಿನಲ್ಲಿ ಹೊರದೇಶಗಳಿಗೆ ಬಂತು. ಆಟ ಶುರುವಾಗುವ ಮೊದಲೇ ನಾಲ್ವರಲ್ಲಿ ಒಬ್ಬರನ್ನು ಆರಿಸಿಕೊಳ್ಳಿ ಎಂದು ಕೇಳಿದರೆ ಮಾತ್ರ ಇದು ನಮಗೆ ಬೇಕಾದ ಆಟ. ಜಪಾನಿನಲ್ಲಿ ಇದೇ ಆಟ 1992ರಲ್ಲಿ ‘ಸೂಪರ್ ಮಾರಿಯೋ ಯುಎಸ್‌ಎ’ ಎಂಬ ಹೆಸರು ಪಡೆಯಿತು.

ಇಂದು ಇದನ್ನು ಆಡಲು ಸುಲಭವಾದ ದಾರಿಯೆಂದರೆ ನಿಂಟೆಂಡೊ ಸ್ವಿಚ್ ಯಂತ್ರ ಮತ್ತು ಅದರ ಆನ್‌ಲೈನ್ ಚಂದಾ ಸೇವೆ. ನೀವು ವಾಸವಾಗಿರುವ ದೇಶದಲ್ಲಿ ಆ ಸೇವೆಗೆ ಹಣ ಪಾವತಿಸುವ ವ್ಯವಸ್ಥೆ ಹೇಗಿದೆಯೆಂದು ಮೊದಲೇ ವಿಚಾರಿಸಿಕೊಳ್ಳಿ. ಅಲ್ಲಿ 1988ರ ಮೂಲರೂಪವೂ ಇದೆ, ‘ಸೂಪರ್ ಮಾರಿಯೋ ಆಲ್-ಸ್ಟಾರ್ಸ್’ ಸಂಗ್ರಹದಲ್ಲಿ ಬಂದ 1993ರ ಬಣ್ಣ ತುಂಬಿದ ರೂಪವೂ ಇದೆ. ಹೊಸಬರಿಗೆ ನನ್ನ ಸಲಹೆ ಆಲ್-ಸ್ಟಾರ್ಸ್. ಅದಕ್ಕೆ ಎರಡು ಕಾರಣಗಳಿವೆ. ಆಟವನ್ನು ಅಲ್ಲಿ ಉಳಿಸಿಟ್ಟು ಇನ್ನೊಂದು ದಿನ ಮುಂದುವರಿಸಬಹುದು. ಒಂದು ಲೈಫ್ ಕಳೆದುಕೊಂಡ ನಂತರ ಪಾತ್ರವನ್ನು ಬದಲಿಸಲೂಬಹುದು. ಮೂಲರೂಪದಲ್ಲಿ ಒಮ್ಮೆ ಆರಿಸಿಕೊಂಡ ಪಾತ್ರದಲ್ಲಿಯೇ ಆ ಲೆವೆಲ್ ಮುಗಿಸಬೇಕು, ಇಲ್ಲವೇ ಎಲ್ಲ ಲೈಫ್‌ಗಳನ್ನೂ ಕಳೆದುಕೊಂಡು ಕಂಟಿನ್ಯೂ ಮಾಡಬೇಕು. ಅಲ್ಲಿ ಆರಂಭಕ್ಕೆ ಸಿಗುವುದು ಮೂರೇ ಲೈಫ್. ಕಂಟಿನ್ಯೂ, ಅಂದರೆ ಸೋತ ಮೇಲೆ ಆಟ ಮುಂದುವರಿಸುವ ಅವಕಾಶ, ಎರಡೇ ಬಾರಿ.

2. ಗುಂಡಿಗಳ ಹೊಸ ಅರ್ಥವನ್ನು ರೂಢಿಸಿಕೊಳ್ಳುವುದು

1988ರ ಮೂಲರೂಪದಲ್ಲಿ ಎ ಗುಂಡಿ ಜಿಗಿಯಲು, ಬಿ ಗುಂಡಿ ಓಡಲು ಎಂಬಲ್ಲಿಯವರೆಗೆ ಎಲ್ಲವೂ ಪರಿಚಿತ. ಆದರೆ ಬಿ ಗುಂಡಿಗೆ ಇಲ್ಲಿ ಇನ್ನೂ ದೊಡ್ಡ ಜವಾಬ್ದಾರಿಯಿದೆ. ನೆಲದ ಮೇಲೆ ಅಲ್ಲಲ್ಲಿ ಹುಲ್ಲಿನ ಕುಚ್ಚುಗಳು ಕಾಣುತ್ತವೆ. ಅದರ ಮೇಲೆ ನಿಂತು ಬಿ ಒತ್ತಿದರೆ ನಿಮ್ಮ ಪಾತ್ರ ಬಾಗಿ, ಹೊಲದಲ್ಲಿ ಮೂಲಂಗಿ ಕಿತ್ತ ಹಾಗೆ, ಒಂದು ತರಕಾರಿಯನ್ನು ಎಳೆದು ತಲೆಯ ಮೇಲೆ ಹೊತ್ತುಕೊಳ್ಳುತ್ತದೆ. ಮತ್ತೆ ಬಿ ಒತ್ತಿದರೆ ಎಸೆಯುತ್ತದೆ. ಹುಲ್ಲಿನ ಕೆಳಗೆ ಬಾಂಬು, ಔಷಧದ ಸೀಸೆ, ಆಮೆಯ ಚಿಪ್ಪು ಹೀಗೆ ಬೇರೆ ವಸ್ತುಗಳೂ ಇರುತ್ತವೆ.

ವೈರಿಯ ಮೇಲೆ ಹಾರಿದರೆ ನೀವು ಅದರ ತಲೆಯ ಮೇಲೆ ನಿಂತು ಸವಾರಿ ಮಾಡುತ್ತೀರಿ. ಅದಕ್ಕೂ ಏನೂ ಆಗುವುದಿಲ್ಲ, ನಿಮಗೂ ಏನೂ ಆಗುವುದಿಲ್ಲ. ಹಾಗೆ ನಿಂತಿರುವಾಗಲೇ ಬಿ ಒತ್ತಿ ಅದನ್ನೇ ಎತ್ತಿಕೊಂಡು ಇನ್ನೊಂದು ವೈರಿಯತ್ತ ಎಸೆಯಬೇಕು, ಎರಡೂ ನಾಶವಾಗುತ್ತವೆ. ಎಚ್ಚರಿಕೆ: ಬೆಂಕಿಯುಂಡೆ ಉಗುಳುವ ಹೂಗಳು, ಬೆನ್ನ ಮೇಲೆ ಮುಳ್ಳಿರುವ ಪ್ರಾಣಿಗಳು ಮತ್ತು ಕಟ್ಟೆಗಳ ಸುತ್ತ ಸುತ್ತುವ ಕಿಡಿಗಳ ಮೇಲೆ ನಿಲ್ಲಲು ಹೋಗಬೇಡಿ. ಅವುಗಳಿಗೆ ದೂರದಿಂದಲೇ ತರಕಾರಿ ಎಸೆಯಬೇಕು.

ಇನ್ನೊಂದು ಚಲನೆಯನ್ನು ಬಹಳಷ್ಟು ಮಂದಿ ಕೊನೆಯವರೆಗೂ ಕಂಡುಕೊಳ್ಳುವುದೇ ಇಲ್ಲ. ಕೆಳಮುಖದ ಗುಂಡಿಯನ್ನು ಒತ್ತಿಹಿಡಿದು ಕುಳಿತರೆ ಸ್ವಲ್ಪ ಹೊತ್ತಿನಲ್ಲಿ ಪಾತ್ರ ಮಿನುಗತೊಡಗುತ್ತದೆ. ಆಗ ಎ ಒತ್ತಿದರೆ ಮಾಮೂಲಿಗಿಂತ ಬಹಳ ಎತ್ತರಕ್ಕೆ ಜಿಗಿಯುತ್ತದೆ. ಯಾವುದೋ ಕಟ್ಟೆ ಕೈಗೆಟುಕುವುದಿಲ್ಲ ಎನಿಸಿದಾಗ ಮೊದಲು ಪ್ರಯತ್ನಿಸಬೇಕಾದದ್ದು ಇದನ್ನೇ.

ಮೊದಲ ಆಟದಲ್ಲಿ ಪರದೆ ಹಿಂದಕ್ಕೆ ಸರಿಯುತ್ತಿರಲಿಲ್ಲ, ಮೇಲೆ ಗಡಿಯಾರ ಓಡುತ್ತಿತ್ತು. ಇಲ್ಲಿ ಸಮಯದ ಮಿತಿ ಇಲ್ಲ. ಹಿಂದಕ್ಕೆ, ಮೇಲಕ್ಕೆ, ಕೆಳಕ್ಕೆ ಎಲ್ಲ ಕಡೆಗೂ ಹೋಗಬಹುದು. ಆದ್ದರಿಂದ ಅವಸರ ಬೇಡ. ಮೇಲಕ್ಕೆ ಏರುವ ಜಾಗಗಳಲ್ಲಿ ಪರದೆಯ ಬಲ ಅಂಚಿನಿಂದ ಹೊರಗೆ ನಡೆದರೆ ಎಡ ಅಂಚಿನಿಂದ ಒಳಗೆ ಬರುತ್ತೀರಿ ಎಂಬುದನ್ನೂ ನೆನಪಿಡಿ. ದಾರಿ ಮುಚ್ಚಿದಂತೆ ಕಂಡ ಅನೇಕ ಕಡೆ ಪರಿಹಾರ ಇದೇ ಆಗಿರುತ್ತದೆ.

3. ಪಾತ್ರವನ್ನು ಜಾಗ ನೋಡಿ ಆರಿಸುವುದು

ಅಭಿಮಾನದಿಂದ ಪ್ರತಿಯೊಂದು ಲೆವೆಲ್ಲಿಗೂ ಮಾರಿಯೋನನ್ನೇ ಆರಿಸುವವರು ಆಟದ ಅರ್ಧ ಸೊಗಸನ್ನು ಕಳೆದುಕೊಳ್ಳುತ್ತಾರೆ. ಮಾರಿಯೋ ಎಲ್ಲದರಲ್ಲೂ ಸಾಧಾರಣ. ಲುಯಿಜಿ ಗಾಳಿಯಲ್ಲಿ ಕಾಲಾಡಿಸುತ್ತ ಎಲ್ಲರಿಗಿಂತ ಎತ್ತರಕ್ಕೆ ಹಾರುತ್ತಾನೆ, ಆದರೆ ಅವನನ್ನು ಕರಾರುವಾಕ್ಕಾಗಿ ನೆಲಕ್ಕೆ ಇಳಿಸುವುದು ಕಷ್ಟ. ಟೋಡ್ ಜಿಗಿತದಲ್ಲಿ ಹಿಂದೆ. ಆದರೆ ತರಕಾರಿ ಕೀಳುವುದರಲ್ಲಿ, ಮರಳು ಅಗೆಯುವುದರಲ್ಲಿ, ಭಾರ ಹೊತ್ತು ಓಡುವುದರಲ್ಲಿ ಅವನಷ್ಟು ಚುರುಕು ಯಾರೂ ಇಲ್ಲ. ಪ್ರಿನ್ಸೆಸ್ ಎಲ್ಲರಿಗಿಂತ ನಿಧಾನವಾಗಿ ಎತ್ತುತ್ತಾಳೆ, ಆದರೆ ಜಿಗಿದ ಮೇಲೆ ಎ ಗುಂಡಿಯನ್ನು ಹಿಡಿದೇ ಇದ್ದರೆ ಒಂದೂವರೆ ಸೆಕೆಂಡಿನಷ್ಟು ಹೊತ್ತು ಗಾಳಿಯಲ್ಲಿ ಅಡ್ಡಲಾಗಿ ತೇಲುತ್ತಾಳೆ.

ಮರುಭೂಮಿಯ 2 ಮತ್ತು 6ನೆಯ ಲೋಕಗಳಿಗೆ ಟೋಡ್ ತಕ್ಕವನು. ಅಲ್ಲಿ ಬಿ ಒತ್ತುತ್ತ ಮರಳನ್ನು ಅಗೆದು ಕೆಳಗಿಳಿಯಬೇಕಾಗುತ್ತದೆ, ಪ್ರಿನ್ಸೆಸ್‌ಳೊಂದಿಗೆ ಅದೇ ಕೆಲಸಕ್ಕೆ ಹೊರಟರೆ ಮೇಲಿನಿಂದ ಬೀಳುವ ವೈರಿಗಳು ನಿಮ್ಮನ್ನು ಹಿಡಿದುಬಿಡುತ್ತವೆ. ಕಾಲು ಜಾರುವ ಹಿಮದ 4ನೆಯ ಲೋಕಕ್ಕೂ ಮೋಡಗಳ 7ನೆಯ ಲೋಕಕ್ಕೂ ಪ್ರಿನ್ಸೆಸ್ ಉತ್ತಮ. ಲೋಕವೆಂದರೆ ಲೆವೆಲ್ಲುಗಳ ಗುಂಪು. ಒಟ್ಟು ಏಳು ಲೋಕಗಳಿದ್ದು, ಮೊದಲ ಆರರಲ್ಲಿ ತಲಾ ಮೂರು, ಕೊನೆಯದರಲ್ಲಿ ಎರಡು, ಹೀಗೆ 20 ಲೆವೆಲ್ಲುಗಳಿವೆ.

4. ಔಷಧದ ಸೀಸೆಯನ್ನು ಬಳಸಲು ಕಲಿಯುವುದು

ಈ ಆಟದ ನಿಜವಾದ ಗುಟ್ಟು ಇರುವುದು ಇಲ್ಲಿ. ಸೀಸೆಯ ಉಪಯೋಗ ಗೊತ್ತಿಲ್ಲದೆ ಮೊದಲ ಎರಡು ಲೋಕಗಳನ್ನು ದಾಟಬಹುದು, ಅದರಾಚೆಗೆ ಬಹಳ ಕಷ್ಟ.

ಸೀಸೆಯನ್ನು ಎಸೆದ ಜಾಗದಲ್ಲಿ ಒಂದು ಬಾಗಿಲು ಹುಟ್ಟುತ್ತದೆ. ಬಾಗಿಲೊಳಗೆ ಹೋದರೆ ಅದೇ ಜಾಗ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿ, ಕತ್ತಲೆಯಲ್ಲಿ ಕಾಣಿಸುತ್ತದೆ. ಇದಕ್ಕೆ ಆಟದಲ್ಲಿ ಸಬ್‌ಸ್ಪೇಸ್ ಎಂದು ಹೆಸರು. ಅಲ್ಲಿ ಕೆಲವೇ ಸೆಕೆಂಡು ಇರಬಹುದು, ನಂತರ ಆಟವೇ ನಿಮ್ಮನ್ನು ಹೊರಗೆ ತರುತ್ತದೆ; ಪರದೆಯೂ ಅಲ್ಲಿ ಸರಿಯುವುದಿಲ್ಲ. ಆ ಅಲ್ಪ ಸಮಯದಲ್ಲಿ ಎರಡು ಲಾಭ ಪಡೆಯಬಹುದು. ಹುಲ್ಲು ಕಿತ್ತರೆ ತರಕಾರಿಗೆ ಬದಲು ಕಾಯಿನ್ ಸಿಗುತ್ತದೆ. ಆ ಜಾಗದಲ್ಲಿ ಗುಪ್ತ ಅಣಬೆಯಿದ್ದರೆ ಅದೂ ಕಾಣಿಸುತ್ತದೆ. ಅದನ್ನು ಬಿ ಒತ್ತಿ ಎತ್ತಿಕೊಂಡರೆ ನಿಮ್ಮ ತಾಳಿಕೆ ಒಂದು ಗುರುತಿನಷ್ಟು ಹೆಚ್ಚುತ್ತದೆ. ಪರದೆಯ ಎಡಗಡೆ ಇರುವ ಕೆಂಪು ಗುರುತುಗಳೇ ನಿಮ್ಮ ತಾಳಿಕೆ, ಅಂದರೆ ಎಷ್ಟು ಪೆಟ್ಟು ತಿನ್ನಬಲ್ಲಿರಿ ಎಂಬುದರ ಲೆಕ್ಕ. ಆರಂಭದಲ್ಲಿ ಅವು ಎರಡು. ಅಣಬೆಗಳಿಂದ ನಾಲ್ಕರವರೆಗೆ ಏರುತ್ತವೆ, ಹೊಸ ಲೆವೆಲ್ ಶುರುವಾದಾಗ ಮತ್ತೆ ಎರಡಕ್ಕೆ ಇಳಿಯುತ್ತವೆ. ಒಂದೇ ಗುರುತು ಉಳಿದಾಗ ಪಾತ್ರದ ಗಾತ್ರ ಚಿಕ್ಕದಾಗುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪೆಂದರೆ ಸೀಸೆ ಸಿಕ್ಕ ಕೂಡಲೇ ಅಲ್ಲಿಯೇ ಎಸೆದುಬಿಡುವುದು. ಅಣಬೆ ಬಹುತೇಕ ಸೀಸೆಯ ಪಕ್ಕದಲ್ಲಿ ಇರುವುದಿಲ್ಲ, ಸ್ವಲ್ಪ ದೂರದಲ್ಲಿರುತ್ತದೆ. ಸೀಸೆಯನ್ನು ಹೊತ್ತುಕೊಂಡು ಮುಂದೆ ಹೋಗಿ, ಹುಲ್ಲು ಒತ್ತಾಗಿರುವ ಅಥವಾ ಯಾವುದೇ ಕಾರಣವಿಲ್ಲದೆ ಖಾಲಿ ಬಿಟ್ಟಂತೆ ಕಾಣುವ ಜಾಗದಲ್ಲಿ ಪರೀಕ್ಷಿಸಿ. ಹೋಗುವ ದಾರಿಯಲ್ಲಿ ಹುಲ್ಲು ಕೀಳಬೇಡಿ; ಹೊರಗೆ ಕಿತ್ತ ಹುಲ್ಲು ಒಳಗೂ ಇರುವುದಿಲ್ಲ, ಅಷ್ಟು ಕಾಯಿನ್ ನಷ್ಟ. ಒಂದು ಲೆವೆಲ್ಲಿನಲ್ಲಿ ಮೊದಲ ಎರಡು ಭೇಟಿಗಳಲ್ಲಿ ಮಾತ್ರ ಹುಲ್ಲು ಕಾಯಿನ್ ಕೊಡುತ್ತದೆ, ಮೂರನೆಯ ಬಾರಿಗೆ ಮತ್ತೆ ತರಕಾರಿಯೇ ಬರುತ್ತದೆ ಎಂಬುದೂ ಗಮನದಲ್ಲಿರಲಿ.

5. ಕಾಯಿನ್‌ಗಳನ್ನು ಲೈಫ್ ಆಗಿ ಪರಿವರ್ತಿಸುವುದು

ನೂರು ಕಾಯಿನ್‌ಗೆ ಒಂದು ಲೈಫ್ ಎಂಬ ಹಳೆಯ ಲೆಕ್ಕ ಇಲ್ಲಿಲ್ಲ. ಲೆವೆಲ್ ಮುಗಿದ ಮೇಲೆ ಮೂರು ಚಕ್ರಗಳು ತಿರುಗುವ ಅದೃಷ್ಟದ ಯಂತ್ರ ಬರುತ್ತದೆ, ಒಂದೊಂದು ಕಾಯಿನ್‌ಗೆ ಒಂದೊಂದು ಆಟ. ಎ ಒತ್ತಿದಂತೆ ಚಕ್ರಗಳು ಎಡದಿಂದ ಒಂದೊಂದಾಗಿ ನಿಲ್ಲುತ್ತವೆ. ಮೊದಲ ಚಕ್ರದಲ್ಲಿ ಚೆರ್ರಿ ಬಂದರೆ ಒಂದು ಲೈಫ್, ಮೊದಲ ಎರಡರಲ್ಲೂ ಬಂದರೆ ಎರಡು, ಮೂರರಲ್ಲೂ ಬಂದರೆ ಐದು. ಆದ್ದರಿಂದ ನಿಮ್ಮ ಗಮನವೆಲ್ಲ ಮೊದಲ ಚಕ್ರದ ಮೇಲಿರಲಿ.

ದಾರಿಯಲ್ಲಿ ತೇಲುವ ಚೆರ್ರಿಗಳು ಬೇರೆ. ಅವುಗಳಲ್ಲಿ ಐದನ್ನು ಸೇರಿಸಿದರೆ ಪರದೆಯ ಕೆಳಗಿನಿಂದ ನಕ್ಷತ್ರವೊಂದು ಮೇಲೇರುತ್ತದೆ. ಅದನ್ನು ಮುಟ್ಟಿದರೆ ಸ್ವಲ್ಪ ಹೊತ್ತು ಯಾವ ವೈರಿಯೂ ನಿಮಗೆ ಏನೂ ಮಾಡಲಾರದು. ಐದನೆಯ ಚೆರ್ರಿಯನ್ನು ವೈರಿಗಳು ಹೆಚ್ಚಿರುವ ಜಾಗ ಹತ್ತಿರವಾಗುವವರೆಗೆ ಬಿಟ್ಟಿರುವುದು ಜಾಣತನ.

6. ಬೀಗದ ಕೈ ಮತ್ತು ಅದನ್ನು ಕಾಯುವ ಮುಖವಾಡ

ಮೊದಲ ಲೋಕದಿಂದಲೇ ಬೀಗ ಹಾಕಿದ ಬಾಗಿಲುಗಳು ಎದುರಾಗುತ್ತವೆ. ಬೀಗದ ಕೈ ಇರುವ ಕೋಣೆಯ ಗೋಡೆಗಳ ಮೇಲೆ ಕದಲದೆ ಕುಳಿತ ಮುಖವಾಡಗಳು ಕಾಣಿಸುತ್ತವೆ. ಇವುಗಳ ಹೆಸರು ಫ್ಯಾಂಟೋ. ನೀವು ಬೀಗದ ಕೈ ಎತ್ತಿಕೊಂಡ ಕ್ಷಣ ಅವುಗಳಲ್ಲಿ ಒಂದು ಎಚ್ಚೆತ್ತು ಬೆನ್ನಟ್ಟಲು ತೊಡಗುತ್ತದೆ. ಕೋಣೆಯಿಂದ ಹೊರಗೆ ಬಂದರೂ ಬಿಡುವುದಿಲ್ಲ. ಚಿಕ್ಕ ವಯಸ್ಸಿನ ಆಟಗಾರರು ನಿಜಕ್ಕೂ ಹೆದರುವ ಸನ್ನಿವೇಶ ಇದು, ಪಕ್ಕದಲ್ಲಿ ದೊಡ್ಡವರೊಬ್ಬರು ಇರುವುದು ಒಳ್ಳೆಯದು.

ಅದರಿಂದ ಪಾರಾಗುವ ಉಪಾಯ ಸರಳ. ಅದು ಮೈಮೇಲೆ ಬೀಳುವಷ್ಟು ಹತ್ತಿರ ಬಂದಾಗ ಬೀಗದ ಕೈಯನ್ನು ಎಸೆದುಬಿಡಿ. ಕೈ ಖಾಲಿಯಾದೊಡನೆ ಅದು ಹಿಮ್ಮೆಟ್ಟಿ ಪರದೆಯಿಂದ ಆಚೆಗೆ ಹೋಗುತ್ತದೆ. ಮತ್ತೆ ಎತ್ತಿಕೊಂಡು ಓಡಿ. ಹತ್ತಿರ ಬಂದರೆ ಮತ್ತೆ ಎಸೆಯಿರಿ. ಎಸೆಯುವಾಗ ನೀವು ಹೋಗಬೇಕಾದ ದಿಕ್ಕಿಗೇ ಎಸೆದರೆ ಅಷ್ಟು ದಾರಿ ಸವೆದಂತೆಯೂ ಆಯಿತು. ಹಳ್ಳದ ಅಂಚಿನಲ್ಲಿ ಮಾತ್ರ ಹೀಗೆ ಮಾಡಬೇಡಿ.

7. ಬರ್ಡೋ ಮತ್ತು ಇತರ ಬಾಸ್‌ಗಳು

ಬಾಸ್ ಎಂದರೆ ಲೆವೆಲ್ಲಿನ ಕೊನೆಯಲ್ಲಿ ದಾರಿ ತಡೆಯುವ ದೊಡ್ಡ ವೈರಿ. ಹೆಚ್ಚಿನ ಲೆವೆಲ್ಲುಗಳಲ್ಲಿ ಈ ಜಾಗದಲ್ಲಿ ಇರುವುದು ಬಾಯಿಂದ ಮೊಟ್ಟೆ ಉಗುಳುವ ಬರ್ಡೋ. ಮೊಟ್ಟೆ ಅಡ್ಡಲಾಗಿ ತೇಲಿಬರುವಾಗ ಹಾರಿ ಅದರ ಮೇಲೆ ನಿಲ್ಲಿ; ಅದು ನಿಮ್ಮನ್ನು ಹೊತ್ತೇ ಸಾಗುತ್ತದೆ. ಆಗ ಬಿ ಒತ್ತಿದರೆ ಮೊಟ್ಟೆ ತಲೆಯ ಮೇಲಕ್ಕೆ ಬರುತ್ತದೆ, ನೀವು ನೆಲಕ್ಕೆ ಇಳಿಯುತ್ತೀರಿ. ತಿರುಗಿ ಬರ್ಡೋಗೇ ಎಸೆಯಿರಿ. ಮೂರು ಪೆಟ್ಟಿಗೆ ಅದು ಸೋಲುತ್ತದೆ. ಗುಲಾಬಿ ಬಣ್ಣದ ಬರ್ಡೋ ಮೊಟ್ಟೆಯನ್ನಷ್ಟೇ ಉಗುಳುತ್ತದೆ. ಕೆಂಪು ಬಣ್ಣದ್ದು ನಡುನಡುವೆ ಬೆಂಕಿಯನ್ನೂ ಉಗುಳುತ್ತದೆ. ಹಸಿರು ಬಣ್ಣದ್ದು ಬೆಂಕಿಯನ್ನು ಮಾತ್ರ, ಆದ್ದರಿಂದ ಅದಕ್ಕೆ ಅಲ್ಲಿಯೇ ಇರುವ ಅಣಬೆ ಚಿತ್ರದ ಇಟ್ಟಿಗೆಗಳನ್ನು ಎಸೆಯಬೇಕು. ಬಣ್ಣ ನೋಡದೆ ಬೆಂಕಿಯ ಮೇಲೆ ಹಾರುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು.

ಈ ಮೊಟ್ಟೆಯ ಸವಾರಿಯನ್ನು ಸರಿಯಾಗಿ ಅಭ್ಯಾಸ ಮಾಡಿಕೊಳ್ಳಿ. 4ನೆಯ ಲೋಕದ ಮೂರನೆಯ ಲೆವೆಲ್ಲಿನ ಆರಂಭದಲ್ಲಿ ವಿಶಾಲವಾದ ನೀರನ್ನು ದಾಟಬೇಕು, ಜಿಗಿದು ದಾಟಲಾಗದು. ಅಲ್ಲಿ ಬರ್ಡೋ ನಿಂತಿರುತ್ತದೆ. ಅದನ್ನು ಸೋಲಿಸದೆ, ಅದು ಉಗುಳಿದ ಮೊಟ್ಟೆಯ ಮೇಲೆ ನಿಂತು ಏನನ್ನೂ ಒತ್ತದೆ ಆಚೆ ದಡದವರೆಗೆ ಸಾಗಬೇಕು. ವೈರಿಯ ಆಯುಧವನ್ನೇ ದೋಣಿಯಾಗಿಸುವ ಈ ಉಪಾಯ ಮೊದಲ ಮಾರಿಯೋನ ನಿಯಮಗಳಲ್ಲಿ ಸಾಧ್ಯವೇ ಇರಲಿಲ್ಲ. ನನ್ನ ಮಟ್ಟಿಗೆ ಇಡೀ ಆಟದಲ್ಲಿ ಇದಕ್ಕಿಂತ ಸೊಗಸಾದ ಜಾಗವಿಲ್ಲ.

ಲೋಕಗಳ ಕೊನೆಯ ಬಾಸ್‌ಗಳಿಗೂ ಅನ್ವಯಿಸುವ ಸೂತ್ರ ಇದೇ: ಅವರು ಏನನ್ನಾದರೂ ಎಸೆದರೆ ಅದನ್ನೇ ಅವರಿಗೆ ಹಿಂದಿರುಗಿಸಿ. ಇಲಿಯ ರೂಪದ ಮೌಸರ್‌ನ ಬಾಂಬನ್ನು ಹಿಡಿದು, ಅದು ಸಿಡಿಯುವ ಮುನ್ನ ಅವನತ್ತ ಎಸೆಯಬೇಕು. ಏಡಿ ಕ್ಲಾಗ್ರಿಪ್‌ನ ಬಂಡೆಗಳನ್ನು ಅವನಿಗೇ ಎಸೆಯಬೇಕು. ಮೂರು ತಲೆಯ ಹಾವು ಟ್ರೈಕ್ಲೈಡ್ ಬೆಂಕಿ ಉಗುಳುವುದರಿಂದ, ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ಮೊದಲು ಮರೆ ಮಾಡಿಕೊಳ್ಳಿ. ಬೆಂಕಿಯುಂಡೆ ಫ್ರೈಗೈ ಪೆಟ್ಟು ತಿಂದ ಮೇಲೆ ನಾಲ್ಕು ಚಿಕ್ಕ ಬೆಂಕಿಗಳಾಗಿ ಒಡೆಯುತ್ತದೆ. ಗೆದ್ದೆನೆಂದು ಅಲ್ಲಿ ಮೈಮರೆಯಬೇಡಿ.

8. ಒಳದಾರಿಗಳು

ದಾರಿಯಲ್ಲಿ ಅಲ್ಲಲ್ಲಿ ಕಾಣುವ ದೊಡ್ಡ ಹೂಜಿಯ ಬಳಿ ಸೀಸೆ ಎಸೆದು, ಸಬ್‌ಸ್ಪೇಸಿನೊಳಗೆ ಅದೇ ಹೂಜಿಯ ಮೇಲೆ ನಿಂತು ಕೆಳಮುಖದ ಗುಂಡಿ ಒತ್ತಿದರೆ ಕೆಲವೆಡೆ ನೇರವಾಗಿ ಮುಂದಿನ ಲೋಕಗಳಿಗೆ ಹಾರಬಹುದು. ಒಂದನೆಯ ಲೋಕದ ಮೂರನೆಯ ಲೆವೆಲ್ಲಿನಿಂದ 4ನೆಯ ಲೋಕಕ್ಕೆ, ಮೂರನೆಯ ಲೋಕದ ಮೊದಲ ಲೆವೆಲ್ಲಿನಿಂದ 5ಕ್ಕೆ, ನಾಲ್ಕನೆಯ ಲೋಕದ ಎರಡನೆಯದರಿಂದ 6ಕ್ಕೆ, ಐದನೆಯ ಲೋಕದ ಮೂರನೆಯದರಿಂದ 7ಕ್ಕೆ ಇಂಥ ದಾರಿಗಳಿವೆ. ಮೊದಲ ಸಲ ಆಡುವವರು ಇವುಗಳನ್ನು ಬಳಸದಿರುವುದು ಲೇಸು. ದಾರಿ ಹಾರಿಹೋದರೆ ಲೈಫ್ ಕೂಡಿಸಿಕೊಳ್ಳುವ ಅವಕಾಶವೂ ತಪ್ಪುತ್ತದೆ, ಅಭ್ಯಾಸವೂ ತಪ್ಪುತ್ತದೆ. ಬರಿಗೈಯಲ್ಲಿ ಹಿಮದ ಲೋಕಕ್ಕೆ ಬಂದು ನಿಂತಂತಾಗುತ್ತದೆ.

9. ವಾರ್ಟ್ ಎದುರು

ಲೆವೆಲ್ಲಿನ ಕೊನೆಯಲ್ಲಿ ಹದ್ದಿನ ಮುಖದ ದ್ವಾರವೊಂದು ಬಾಯಿ ತೆರೆದು ನಿಮ್ಮನ್ನು ಒಳಗೆ ಬಿಡುವುದು ಅಷ್ಟು ಹೊತ್ತಿಗೆ ರೂಢಿಯಾಗಿರುತ್ತದೆ. ಕೊನೆಯ ಲೆವೆಲ್ಲಿನಲ್ಲಿ ಆ ದ್ವಾರವೇ ಗೋಡೆಯಿಂದ ಕಳಚಿಕೊಂಡು ನಿಮ್ಮ ಮೇಲೆರಗುತ್ತದೆ. ಅಣಬೆ ಚಿತ್ರದ ಇಟ್ಟಿಗೆಗಳಿಂದ ಹೊಡೆದರೆ ಸುಮ್ಮನಾಗುತ್ತದೆ, ಆಮೇಲೆ ಒಳಗೆ ಹೋಗಿ.

ಒಳಗಿರುವ ಕಪ್ಪೆರಾಜ ವಾರ್ಟ್‌ಗೆ ತರಕಾರಿ ಕಂಡರಾಗದು. ಕೋಣೆಯ ಮಧ್ಯದಲ್ಲಿರುವ ಯಂತ್ರ ಒಂದೊಂದಾಗಿ ತರಕಾರಿಗಳನ್ನು ಚಿಮ್ಮಿಸುತ್ತದೆ. ಅವುಗಳನ್ನು ಹಿಡಿದಿಟ್ಟುಕೊಂಡು, ವಾರ್ಟ್ ಗುಳ್ಳೆ ಉಗುಳಲು ಬಾಯಿ ತೆರೆದಾಗ ಮಾತ್ರ ಬಾಯಿಗೆ ಸರಿಯಾಗಿ ಎಸೆಯಬೇಕು. ಆರು ತರಕಾರಿ ಒಳಗೆ ಹೋಗಬೇಕು. ಬಾಯಿ ಮುಚ್ಚಿರುವಾಗ ಎಸೆದದ್ದು ವ್ಯರ್ಥ. ಗುಳ್ಳೆಗಳು ಹೊರಬಂದ ಮೇಲೆ ಎಸೆಯಲು ಹೋಗಿ ಪೆಟ್ಟು ತಿನ್ನುವವರೇ ಹೆಚ್ಚು, ಆದ್ದರಿಂದ ಒಂದು ಸುತ್ತು ಏನನ್ನೂ ಎಸೆಯದೆ ಅವನು ಬಾಯಿ ತೆರೆಯುವ ಲಯವನ್ನು ಗಮನಿಸಿ. ಇಲ್ಲಿಗೆ ಟೋಡ್ ಅಥವಾ ಮಾರಿಯೋನನ್ನು ಕರೆತಂದಿದ್ದರೆ ಎತ್ತುವುದು ಬೇಗ ಆಗುತ್ತದೆ. ಆದರೆ ಅದೇ ಲೆವೆಲ್ಲಿನ ಮೊದಲ ಭಾಗದ ಜಿಗಿತಗಳು ನಿಮಗೆ ಇನ್ನೂ ಕಷ್ಟವೆನಿಸುತ್ತಿದ್ದರೆ ಪ್ರಿನ್ಸೆಸ್‌ಳನ್ನೇ ಆರಿಸಿ.

ಗೆದ್ದ ಮೇಲೆ ನಾಲ್ವರಲ್ಲಿ ಯಾರು ಎಷ್ಟು ಲೆವೆಲ್ ಮುಗಿಸಿದರೆಂಬ ಲೆಕ್ಕವನ್ನು ಆಟ ಪರದೆಯ ಮೇಲೆ ತೋರಿಸುತ್ತದೆ. ಯಾರ ಹೆಸರಿನ ಮುಂದೆ ಕಡಿಮೆ ಅಂಕಿಯಿದೆಯೋ ಅವರನ್ನು ಮುಂದಿನ ಬಾರಿ ಮೊದಲ ಲೆವೆಲ್ಲಿನಿಂದಲೇ ಆರಿಸಿಕೊಳ್ಳಿ. ಅದೇ ಬೆಟ್ಟ, ಅದೇ ಹೂಜಿಗಳಿಗೆ ಬೇರೆಯೇ ದಾರಿಗಳು ತೆರೆದುಕೊಳ್ಳುತ್ತವೆ.